ಗುಡ್ಡ ಓಗೊಟ್ಟ ಮೇಲೆ ಊಟ

ಆ ಊರನ್ನು ಕಟ್ಟಿದಾತ ಆಗಾಗ ಅದನ್ನು ಹೊಸದು ಮಾಡುತ್ತಿದ್ದ. ಯಾರನ್ನೂ ಕೇಳುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಜನ ಕಣ್ಣುಜ್ಜಿಕೊಂಡು ಎದ್ದರೆ ಬೀದಿ ಅಗಲವಾಗಿರುತ್ತಿತ್ತು, ಹೊಳೆಯ ಮೆಟ್ಟಿಲು ಮೂಡಲಿನಿಂದ ಪಡುವಲಿಗೆ ತಿರುಗಿರುತ್ತಿತ್ತು, ದನಗಳ ಕಣ್ಣುಗಳು ಮೊದಲಿಗಿಂತ ಹೆಚ್ಚು ಹೊಳೆಯುತ್ತಿದ್ದವು. ಇದಕ್ಕೆ ‘ಹೊಸತು ಬಂತು’ ಅನ್ನುತ್ತಿದ್ದರು. ಕಟ್ಟಿದಾತನನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೂ ಬೈಯುವುದಿದ್ದರೆ ಎಲ್ಲರೂ ಆಕಾಶ ನೋಡಿಯೇ ಬೈಯುತ್ತಿದ್ದರು.

ಆತ ಕೊಟ್ಟಿದ್ದು ಸಾಲದೆಂದು ಊರಿನವರು ತಮ್ಮ ಕೈಯಾರೆ ಒಂದೊಂದನ್ನು ಸೇರಿಸಿಕೊಂಡಿದ್ದರು. ಅವಕ್ಕೆ ಸೇರಿಕೆ ಎಂದು ಹೆಸರು. ಹೂವಿನ ಮುದುಕಿ ಸೇರಿಸಿದ ಮಲ್ಲಿಗೆ ಬಳ್ಳಿ ಎಲ್ಲ ಕಾಲಕ್ಕೂ ಬಿಡುತ್ತಿತ್ತು. ಕುರುಡ ಸೇರಿಸಿದ ಕಲ್ಲು ಹಗಲೆಲ್ಲ ಹಾಡುತ್ತಿತ್ತು. ಆ ಹಾಡು ಹಿಡಿದು ಅವನು ಮನೆಯ ದಾರಿ ಕಂಡುಕೊಳ್ಳುತ್ತಿದ್ದ. ಅಗಸ ಸೇರಿಸಿದ ಹಗ್ಗದ ಮೇಲೆ ಹಾಕಿದ ಬಟ್ಟೆ ಮಳೆಯಲ್ಲೂ ಒಣಗುತ್ತಿತ್ತು. ಪ್ರತಿ ಬೆಳಿಗ್ಗೆ ಊರ ಬಾಗಿಲಲ್ಲಿ ಕರೆಯುವವನು ನಿಂತು ಎಲ್ಲ ಸೇರಿಕೆಗಳನ್ನೂ ಹೆಸರು ಹಿಡಿದು ಕೂಗುತ್ತಿದ್ದ. ಕೂಗಿದ್ದು ಒಳಗೆ ಬಂದು ಜೀವ ತಳೆಯುತ್ತಿತ್ತು. ಕೂಗದೆ ಬಿಟ್ಟಿದ್ದು ಗೋಡೆಯಾಚೆ ಮಣ್ಣುಹೆಂಟೆಯ ಹಾಗೆ ಬಿದ್ದಿರುತ್ತಿತ್ತು. ಕೂಗಿ ಮುಗಿದ ಮೇಲೆ ಅವನು ಬಾಗಿಲ ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದ. ಅಲ್ಲಿಗೆ ದಿನ ಶುರು.

ಹಿರಿಯರ ಸೇರಿಕೆ ಎಲ್ಲಕ್ಕಿಂತ ದೊಡ್ಡದು, ಊರ ನಡುವೆ ತೂಗುಹಾಕಿದ ಕಂಚಿನ ಗಂಟೆ. ಸೂರ್ಯ ನೆತ್ತಿಗೆ ಬಂದಾಗ ಅದನ್ನು ಒಮ್ಮೆ ಬಾರಿಸುತ್ತಿದ್ದರು. ಬಡಗಣ ದಿಕ್ಕಿಗೆ, ಗೋಡೆಯಾಚೆ, ಒಂದು ಬೋಳು ಗುಡ್ಡವಿತ್ತು. ಮೇಯಿಸಲು ಹುಲ್ಲಿಲ್ಲ, ಕಡಿಯಲು ಮರವಿಲ್ಲ, ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಗಂಟೆಯ ಸದ್ದು ಹೋಗಿ ಆ ಗುಡ್ಡಕ್ಕೆ ತಾಗಿ, ಕರೆದರೆ ‘ಓ’ ಅಂದ ಹಾಗೆ ಮರಳಿ ಬರುತ್ತಿತ್ತು. ಗುಡ್ಡ ಓಗೊಟ್ಟ ಮೇಲೆಯೇ ಊಟ ಎಂದು ಹಿರಿಯರ ಮುತ್ತಜ್ಜಂದಿರು ಕಟ್ಟು ಮಾಡಿದ್ದರು. ಆ ಕಟ್ಟು ಎಷ್ಟು ಹಳೆಯದೆಂದರೆ, ಜನರಷ್ಟೇ ಅಲ್ಲ, ಊರಿನ ಹೊತ್ತು ಕೂಡ ಗುಡ್ಡದ ಓಗೊಡುವಿಕೆಗೆ ಕಾದು ಆಮೇಲೆ ಇಳಿಜಾರಿಗೆ ತಿರುಗುತ್ತಿತ್ತು. ನಿಜ ಹೇಳಬೇಕೆಂದರೆ ಗುಡ್ಡದ ಸದ್ದನ್ನು ಕಿವಿಗೊಟ್ಟು ಕೇಳಿ ಉಣ್ಣುವವರು ಯಾರೂ ಇರಲಿಲ್ಲ. ಪಕ್ಕದವನು ತುತ್ತು ಎತ್ತಿದನಾ ಎಂದು ನೋಡಿ ತಾವೂ ಎತ್ತುತ್ತಿದ್ದರು.

ಒಂದು ಬೆಳಿಗ್ಗೆ ಹೊಸತು ಬಂತು. ದೀಪಗಳು ಬೆಳ್ಳಗಾಗಿದ್ದವು, ಬಾವಿಗಳು ದುಂಡಗಾಗಿದ್ದವು, ಎಲ್ಲರೂ ಬಾಯಿ ತೆರೆದುಕೊಂಡು ತಿರುಗಾಡಿದರು. ನೆತ್ತಿಯ ಹೊತ್ತಿಗೆ ಊರು ಬಿತ್ತು.

ಊರು ಬೀಳುವುದೆಂದರೆ ಗೋಡೆ ಕುಸಿಯುವುದಲ್ಲ. ಎತ್ತಿದ ಸೌಟು ಎತ್ತಿದಲ್ಲೇ ನಿಲ್ಲುತ್ತದೆ. ಹಾರುವ ಕಾಗೆ ಗಾಳಿಯಲ್ಲೇ ನಿಲ್ಲುತ್ತದೆ. ಬೈಯುತ್ತಿದ್ದವಳ ಬಾಯಿ ತೆರೆದ ಹಾಗೇ ನಿಲ್ಲುತ್ತದೆ. ಆಮೇಲೆ ಕಪ್ಪು. ಕಪ್ಪು ಕಳೆದರೆ ಮತ್ತೆ ಅದೇ ಬೆಳಿಗ್ಗೆ, ಕರೆಯುವವನು ಇನ್ನೂ ಕೂಗದ, ಗೆರೆ ಎಳೆಯದ ಹೊತ್ತು. ಗೆರೆ ಎಳೆದ ಮೇಲೆ ಬೆಂದಿದ್ದ ಅನ್ನ ಅಕ್ಕಿಯಾಗಿರುತ್ತದೆ, ಹೊಲಿದ ರವಿಕೆ ಬಟ್ಟೆಯಾಗಿರುತ್ತದೆ. ಮೈಯೆಲ್ಲ ಹಿಂದಕ್ಕೆ ಹೋಗುತ್ತದೆ, ನೆನಪು ಮಾತ್ರ ಹೋಗುವುದಿಲ್ಲ. ಅದೊಂದನ್ನೂ ಕಿತ್ತುಕೊಂಡಿದ್ದರೆ ಕಟ್ಟಿದಾತನಿಗೆ ಪುಣ್ಯ ಬರುತ್ತಿತ್ತು.

ಹಾಗೆ ಊರು ಬಿದ್ದಾಗ ಜನ ಹೋಗಿ ಕದ ತಟ್ಟುವುದು ಬಿಚ್ಚುವವಳ ಮನೆಗೆ. ಯಾವ ಸೇರಿಕೆಯಿಂದ ಊರು ಬಿತ್ತೆಂದು ಹುಡುಕುವುದು ಅವಳ ಕಸುಬು. ಸೇರಿಕೆಗಳಲ್ಲಿ ಅರ್ಧವನ್ನು ಗೋಡೆಯಾಚೆ ಬಿಡಿಸುವಳು, ಉಳಿದರ್ಧವನ್ನು ಕೂಗಿಸುವಳು. ಊರು ನಿಂತರೆ ಕೆಟ್ಟದ್ದು ಹೊರಗಿದೆ, ಬಿದ್ದರೆ ಒಳಗಿದೆ. ಕೆಟ್ಟದ್ದಿರುವ ಪಾಲನ್ನು ಮತ್ತೆ ಅರ್ಧ ಮಾಡುವಳು, ಮತ್ತೆ ಅರ್ಧ. ಕೊನೆಗೆ ಅಂಗೈಯಲ್ಲಿ ಒಂದೇ ಒಂದು ಉಳಿಯುತ್ತಿತ್ತು. ಅವಳಿಗೆ ತನ್ನ ಕಸುಬಿನ ಜಂಬವೂ ಇತ್ತು. ‘ಇರಬಹುದು’, ‘ಅನ್ನಿಸುತ್ತೆ’ ಅನ್ನುವವರನ್ನು ಕಂಡರೆ ಅವಳಿಗಾಗದು. ಮಾಡಿ ನೋಡದೆ ಹೇಳಿದ ಮಾತು ಅವಳ ಲೆಕ್ಕಕ್ಕೆ ಮಾತೇ ಅಲ್ಲ.

ಈ ಸಲ ಜನ ಬರುವ ಮೊದಲೇ ಅವಳು ಸೆರಗು ಸಿಕ್ಕಿಸಿ ಎದ್ದು ನಿಂತಿದ್ದಳು. ಅವಳ ತಂಗಿ ತುಂಬಿದ ಬಸುರಿ. ಹೊಸತು ಬಂದ ಆ ಬೆಳಿಗ್ಗೆಯೇ ತಂಗಿಗೆ ನೋವು ಶುರುವಾಗಿತ್ತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಹೊತ್ತು ತಿರುಗಿದ ಮೇಲೆ ಹೆರಿಗೆ ಎಂದಿದ್ದಳು. ಹೊತ್ತು ತಿರುಗಲಿಲ್ಲ. ನೆತ್ತಿಗೆ ಬಂದ ಸೂರ್ಯನ ಕೆಳಗೆ ಊರು ಬಿತ್ತು, ತಂಗಿ ಮತ್ತೆ ಬೆಳಗಿನ ಮೊದಲ ನೋವಿಗೆ ಬಂದು ಬಿದ್ದಳು.

“ಅಕ್ಕಾ, ಇಷ್ಟು ಹೊತ್ತು ಪಟ್ಟಿದ್ದೆಲ್ಲ ಎಲ್ಲಿಗೆ ಹೋಯ್ತು?” ಎಂದು ತಂಗಿ ಕೇಳಿದಳು.

“ಹುಡುಕ್ತೀನಿ. ಇದೊಂದೇ ಸಲ ತಡ್ಕೋ,” ಎಂದಳು ಬಿಚ್ಚುವವಳು.

ಬಾಗಿಲ ಬಯಲಿನಲ್ಲಿ ಊರೆಲ್ಲ ಸೇರಿತ್ತು. ಬಿದ್ದ ಊರಿನಲ್ಲಿ ಬುದ್ಧಿ ಹೇಳುವವರಿಗೆ ಬರವೇ? ಬೀದಿ ಗುಡಿಸಿ ಸಾರಿಸಿ ನೋಡಿದಿರಾ ಎಂದು ಒಬ್ಬ ಕೇಳಿದ. ಬಾಗಿಲೊಳಗೆ ಬೆನ್ನು ಮುಂದಾಗಿ ನಡೆದು ಬಂದರೆ ಸರಿಹೋಗುತ್ತದೆ, ತನ್ನ ಭಾವನ ಬೀದಿಯಲ್ಲಿ ಹಾಗೆಯೇ ಸರಿಹೋಗಿತ್ತು ಎಂದು ಇನ್ನೊಬ್ಬ. ಒಬ್ಬನಂತೂ, “ನಮ್ಮನೇಲಿ ಏನೂ ಬಿದ್ದಿಲ್ಲಪ್ಪ, ನಿಮ್ಮದೇ ಏನೋ ಎಡವಟ್ಟು,” ಎಂದ. ಅವನೂ ಎಲ್ಲರ ಜೊತೆ ತುತ್ತು ಎತ್ತಿಕೊಂಡೇ ಕಪ್ಪಿಗೆ ಬಿದ್ದಿದ್ದ.

ಬಿಚ್ಚುವವಳು ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಸೇರಿಕೆಗಳ ನಡುವೆ ಗೆರೆ ಹಾಕಿದಂತೆ ನಡೆದಳು. “ಈ ಕಡೆಯವೆಲ್ಲ ಇವತ್ತು ಹೊರಗೆ,” ಎಂದಳು.

ಗಂಟೆ ಆ ಕಡೆಗೇ ಬಂದಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಹಿರಿಯ ಗಂಟಲು ಸರಿಮಾಡಿಕೊಂಡು, “ಗಂಟೆ ಬಿಟ್ಟು ಮಿಕ್ಕಿದ್ದು ನೋಡಮ್ಮ,” ಎಂದ.

“ಬಿಟ್ಟರೆ ಅರ್ಧ ಆಗಲ್ಲ ಅಜ್ಜ.”

“ನಿನ್ನೆ ಮೊನ್ನೆ ಬಂದದ್ದನ್ನ ಮೊದಲು ನೋಡು. ಗಂಟೆ ಇಲ್ಲೇ ಇತ್ತು, ನಿಮ್ಮಜ್ಜಿ ಹುಟ್ಟೋಕೆ ಮುಂಚೆಯೂ ಇತ್ತು. ಅದು ಕೆಡೋದಾಗಿದ್ದರೆ ಆಗಲೇ ಕೆಡ್ತಿತ್ತು.”

ಊರಿನವರು ತಲೆಯಾಡಿಸಿದರು. ಹಳೆಯದು ಕೆಡುವುದಿಲ್ಲ ಎಂಬುದು ಆ ಊರಿನವರ ಗಟ್ಟಿ ನಂಬಿಕೆ. ಅದರ ಜೊತೆಗೆ, ಬಾಯಿ ಇಲ್ಲದವರದ್ದೇ ಮೊದಲು ಕೆಡುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಿಚ್ಚುವವಳಿಗೆ ತಂಗಿಯ ಅವಸರ. ಜಗಳಕ್ಕೆ ನಿಂತರೆ ಹೊತ್ತು ನೆತ್ತಿಗೆ ಬರುತ್ತದೆ. ಗಂಟೆಯನ್ನು ಬಿಟ್ಟಳು. ಹೂವಿನ ಮುದುಕಿಯ ಕಡೆ ತಿರುಗಿದಳು.

“ಅಜ್ಜಿ, ಬಳ್ಳಿ ಹೊರಗೆ ಬಿಡಬೇಕು.”

“ನನ್ನ ಬಳ್ಳಿ ಯಾರಿಗೇನು ಮಾಡಿತ್ತವ್ವ?”

“ಏನೂ ಮಾಡಿಲ್ಲ ಅಂತ ಗೊತ್ತಾಗಲಿ ಅಂತಲೇ ಬಿಡೋದು. ಮತ್ತೆ ಒಳಗೆ ತರ್ತೀನಿ. ನನ್ನ ಮಾತು.”

ಮುದುಕಿ ಬಳ್ಳಿಯನ್ನು ಬೇರುಸಹಿತ ಮಡಿಲಲ್ಲಿ ಹೊತ್ತು ತಂದು ಗೋಡೆಯಾಚೆ ಇಟ್ಟಳು. ಊರು ಬಿತ್ತು. ತಂಗಿ ಮತ್ತೆ ಮೊದಲ ನೋವಿಗೆ ಬಂದಳು.

ಅಗಸ ಹಗ್ಗ ಹೊರಗಿಟ್ಟ. ಊರು ಬಿತ್ತು. ಕುಂಬಾರತಿ ತಾನೇ ತಿರುಗುವ ಚಕ್ರ ಹೊರಗಿಟ್ಟಳು. ಊರು ಬಿತ್ತು. ಹೊರಗಿಟ್ಟಿದ್ದನ್ನು ಒಳಗೆ ತಂದು ಒಳಗಿದ್ದಿದ್ದನ್ನು ಹೊರಗಿಟ್ಟು ನೋಡಿದಳು, ಆಗಲೂ ಬಿತ್ತು. ಪ್ರತಿ ಸಲವೂ ಅವಳು ತಂಗಿಯ ತಲೆದೆಸೆಯಲ್ಲಿ ಕೂತು “ಇದೊಂದೇ ಸಲ ಕಣೇ” ಅನ್ನುತ್ತಿದ್ದಳು. ತಂಗಿ ಮೊದಮೊದಲು ಹೂಂ ಅನ್ನುತ್ತಿದ್ದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಸೂಲಗಿತ್ತಿ ನೀರು ಕಾಯಿಸುವುದನ್ನೂ ಬಿಟ್ಟುಬಿಟ್ಟಳು. ಕಾಯುವ ನೀರು ಮತ್ತೆ ತಣ್ಣೀರಾಗುವುದು ಅವಳಿಗೂ ಗೊತ್ತಿತ್ತು.

ಹೀಗೇ ಬೀಳುತ್ತಾ ಏಳುತ್ತಾ, ಒಂದು ಬೆಳಿಗ್ಗೆ ಹಿರಿಯರದ್ದು ಬಿಟ್ಟು ಊರಿನ ಎಲ್ಲರ ಸೇರಿಕೆಗಳೂ ಗೋಡೆಯಾಚೆ ರಾಶಿ ಬಿದ್ದವು. ಕೊನೆಗೆ ಬಂದಿದ್ದು ಕುರುಡನ ಕಲ್ಲು. ಅದನ್ನು ಅವನು ತಾನೇ ಹೊತ್ತು ತಂದ. ಮರಳಿ ಹೋಗುವಾಗ ದಾರಿ ತಪ್ಪಿ ಗೋಡೆಗೆ ಹಣೆ ಹೊಡೆದುಕೊಂಡ. ಯಾರೂ ಅವನ ಕೈ ಹಿಡಿಯಲಿಲ್ಲ, ಎಲ್ಲರೂ ನೆತ್ತಿಯ ಕಡೆಗೆ ಏರುವ ಸೂರ್ಯನನ್ನು ನೋಡುತ್ತಿದ್ದರು.

ಆ ದಿನ ಊರು ಬಿಕೋ ಅನ್ನುತ್ತಿತ್ತು. ಹಾಡುವ ಕಲ್ಲಿಲ್ಲ, ತಿರುಗುವ ಚಕ್ರವಿಲ್ಲ. ಗಂಟೆ ಬಾರಿಸಿದರು. ಸದ್ದು ಬಡಗಣಕ್ಕೆ ಹೋಯಿತು. ಹೋದದ್ದು ಹೋಗಿಯೇ ಹೋಯಿತು. ಬಿಚ್ಚುವವಳು ಬದುಕಿನಲ್ಲಿ ಮೊದಲ ಸಲ ಆ ಸದ್ದಿನ ಕೊನೆಯನ್ನು ಕೇಳಿಸಿಕೊಂಡಳು. ಕೊನೆಯಾದ ಮೇಲೆ ಏನೂ ಬರಲಿಲ್ಲ. ಅವಳು ತಿರುಗಿ ಬಡಗಣ ದಿಕ್ಕನ್ನು ನೋಡಿದಳು. ಎಲ್ಲರೂ ತುತ್ತು ಹಿಡಿದು ಕೂತಿದ್ದರು. ಗುಡ್ಡವಿದ್ದ ಕಡೆ ಗುಡ್ಡವಿರಲಿಲ್ಲ, ಒರೆಸಿದ ನೆಲವಿತ್ತು. ಆಮೇಲೆ ಕಪ್ಪು.

ಕಪ್ಪು ಕಳೆದದ್ದೇ ಅವಳು ಓಡಿದ್ದು ಹಿರಿಯರ ಚಾವಡಿಗೆ.

“ಗುಡ್ಡ ಇಲ್ಲ,” ಎಂದಳು. “ಹೊಸತು ಬಂದಾಗ ಕಟ್ಟಿದಾತ ಗುಡ್ಡ ತೆಗೆದಿದ್ದಾನೆ. ಗಂಟೆ ಕರೆಯುತ್ತೆ, ಓಗೊಡೋದಕ್ಕೆ ಯಾರೂ ಇಲ್ಲ. ಊರು ಕಾಯುತ್ತಾ ಕಾಯುತ್ತಾ ಬೀಳ್ತಿದೆ.”

“ಗುಡ್ಡ ಎಲ್ಲಿಗೆ ಹೋಗುತ್ತಮ್ಮ? ಅದಕ್ಕೇನು ಕಾಲಿದೆಯಾ?” ಎಂದು ದೊಡ್ಡ ಹಿರಿಯ ನಕ್ಕ.

“ಆ ಕಿಟಕಿ ತೆಗೆದು ನೋಡಿ.”

ಕಿಟಕಿ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಇತ್ತು. ಯಾರೂ ಏಳಲಿಲ್ಲ. ಎದ್ದು ನೋಡಿದರೆ ಕಾಣುತ್ತದೆಂಬ ಹೆದರಿಕೆ.

“ಗಂಟೆಯನ್ನ ಒಂದೇ ಒಂದು ದಿನ ಹೊರಗಿಡಿ. ನನ್ನ ತಂಗಿ ಹೆತ್ತುಕೊಳ್ಳಲಿ. ಆಮೇಲೆ ಬೇಕಾದರೆ ಮತ್ತೆ ಒಳಗೆ ತನ್ನಿ, ದಿನಕ್ಕೊಂದು ಸಲ ಬೀಳೋಣ.”

“ಇವತ್ತು ಗಂಟೆ ಹೊರಗೆ ಅಂತೀಯ,” ಎಂದ ದೊಡ್ಡ ಹಿರಿಯ. ಅವನ ನಗು ಆಗ ಹೋಗಿತ್ತು. “ನಾಳೆ ನಮ್ಮನ್ನೇ ಹೊರಗೆ ಅಂತೀಯ. ಗಂಟೆ ತಪ್ಪು ಮಾಡಿಲ್ಲ. ಅದು ಹೊತ್ತಿಗೆ ಸರಿಯಾಗಿ ಕರೆದಿದೆ. ಓಗೊಡದೆ ಇದ್ದದ್ದು ಗುಡ್ಡ. ತಪ್ಪು ಗುಡ್ಡದ್ದು. ನೀನು ಗುಡ್ಡವನ್ನ ಸರಿ ಮಾಡು.”

ಮೂಲೆಯಲ್ಲಿದ್ದ ಸಣ್ಣ ಹಿರಿಯ, ಮೆತ್ತಗೆ ಮಾತಾಡುವವನು, ಆಗ ಬಾಯಿಬಿಟ್ಟ. “ಓಗೊಟ್ಟರೆ ಸಾಕಲ್ಲವಾ? ಗುಡ್ಡವೇ ಆಗಬೇಕು ಅಂತ ಏನಿದೆ? ಯಾರಾದರೂ ಅಲ್ಲಿ ನಿಂತು ಓಗೊಡಲಿ.”

ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಯಾರು ನಿಲ್ಲಬೇಕು ಎಂಬ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಕರೆಯುವವನು ಚಾವಡಿಯ ಬಾಗಿಲಲ್ಲಿ ನಿಂತೇ ಹೇಳಿದ: “ನಿಲ್ಲೋರನ್ನ ನಾನು ಸೇರಿಕೆಗಳ ಜೊತೆ ಕೂಗಬೇಕಾಗುತ್ತೆ, ಗುಡ್ಡ ಅಂತ. ಹಾಗೆ ಕೂಗಿದ ಮೇಲೆ ಆ ಜಾಗ ಬಿಟ್ಟು ಕದಲೋ ಹಾಗಿಲ್ಲ. ಗುಡ್ಡ ಎದ್ದು ಮನೆಗೆ ಬರೋಲ್ಲ ನೋಡಿ.”

ಆಗಲೇ ತಂಗಿಯ ಮನೆಯಿಂದ ನೋವಿನ ಕೂಗು ಬಂತು. ಬಿಚ್ಚುವವಳು ಆ ಕೂಗನ್ನು ಎಷ್ಟು ಸಲ ಕೇಳಿದ್ದಳೋ! ಯಾವ ಹೊತ್ತಿಗೆ ಏರುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

“ನಾನು ನಿಲ್ತೀನಿ,” ಎಂದಳು.

ಹಿರಿಯರ ಮುಖಗಳು ಅರಳಿದ ಬಗೆ ನೋಡಿದರೆ ಹೊಟ್ಟೆ ಉರಿಯಬೇಕು. “ಪಾಳಿ ಹಾಕ್ತೀವಮ್ಮ,” ಎಂದ ದೊಡ್ಡ ಹಿರಿಯ. “ನಾಲ್ಕು ದಿನದ ಮಾತು. ಊರಿಗೆ ಊರೇ ಇದೆ, ನಿನ್ನೊಬ್ಬಳ ತಲೆ ಮೇಲೆ ಹಾಕ್ತೀವಾ?”

ತಂಗಿಯ ಹತ್ತಿರ ಹೋಗಿ ಹೇಳಿದಾಗ ತಂಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಬೇಡ ಅನ್ನಲಿಲ್ಲ. ಬೇಡ ಅನ್ನಲು ಅವಳಲ್ಲಿ ಏನೂ ಉಳಿದಿರಲಿಲ್ಲ. “ಬೇಗ ಬಂದುಬಿಡು ಅಕ್ಕ,” ಎಂದಳು ಅಷ್ಟೇ.

ಆ ದಿನದ ಕೂಗು ಆಗಲೇ ಮುಗಿದಿತ್ತು, ಊರು ಮತ್ತೊಮ್ಮೆ ಬಿತ್ತು. ಕಪ್ಪು ಕಳೆದ ಬೆಳಿಗ್ಗೆ ಕರೆಯುವವನು ಬಾಗಿಲಲ್ಲಿ ನಿಂತು “ಗಂಟೆ” ಎಂದು ಕೂಗಿದ. ಆಮೇಲೆ “ಗುಡ್ಡ” ಎಂದು ಕೂಗಿದ. ಒರೆಸಿದ ನೆಲದ ಮೇಲೆ ನಿಂತಿದ್ದ ಬಿಚ್ಚುವವಳ ಪಾದ ಭಾರವಾಯಿತು, ಹಸಿವು ಹೋಯಿತು, ನಿದ್ದೆ ಹೋಯಿತು. ಸೂರ್ಯ ನೆತ್ತಿಗೆ ಬಂದ. ಗಂಟೆಯ ಸದ್ದು ಗೋಡೆ ದಾಟಿ ಬಂದು ಅವಳ ಎದೆಗೆ ತಾಗಿತು. ಮನೆಯೊಳಗಿನಿಂದ ಅಮ್ಮ ಕರೆದರೆ ಹೇಗೋ ಹಾಗೆ, ಅವಳು ಉಸಿರು ತುಂಬಿ “ಓ” ಎಂದಳು.

ಊರು ಬೀಳಲಿಲ್ಲ.

ಊರೊಳಗೆ ಸಾವಿರ ಕೈಗಳು ತುತ್ತನ್ನು ಬಾಯಿಗಿಟ್ಟ ಸದ್ದು ಅವಳಿಗೆ ಕೇಳಿಸಿತು. ಹೊತ್ತು ತಿರುಗಿತು. ನೆರಳುಗಳು ಇನ್ನೊಂದು ಮಗ್ಗುಲಿಗೆ ಹೊರಳಿದವು. ಅವಳು ಕಿವಿಯಾಗಿ ನಿಂತಳು. ಬಾಯಿಪಾಠವಾಗಿದ್ದ ಆ ಕೂಗು ಏರಿತು, ಒಡೆಯುವಲ್ಲಿ ಒಡೆಯಿತು, ಅದರಾಚೆಗೂ ಹೋಯಿತು. ಅಲ್ಲಿಂದ ಮುಂದಿನದನ್ನು ಅವಳೆಂದೂ ಕೇಳಿರಲಿಲ್ಲ. ಕೊನೆಗೆ ಸಣ್ಣ ಗಂಟಲೊಂದು ಸಿಟ್ಟಿನಿಂದ ಅತ್ತಿತು. ಬಿಚ್ಚುವವಳು ಒಬ್ಬಳೇ ನಿಂತು ನಕ್ಕಳು, ಅತ್ತಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಪಾಳಿಯವರು ಬರಲಿಲ್ಲ. ಮೊದಲು ಬಿತ್ತನೆ ಇದೆ ಎಂದರು, ಆಮೇಲೆ ಮದುವೆ ಇದೆ ಎಂದರು, ಆಮೇಲೆ ಏನೂ ಹೇಳದೆ ಸುಮ್ಮನಾದರು. ಗೋಡೆಯಾಚೆ ರಾಶಿ ಬಿದ್ದಿದ್ದ ಸೇರಿಕೆಗಳನ್ನಾದರೂ ಒಳಗೆ ಕರೆಸಿಕೊಳ್ಳಿ, ಅವುಗಳ ತಪ್ಪೇನೂ ಇಲ್ಲವೆಂದು ಗೊತ್ತಾಯಿತಲ್ಲ ಎಂದು ಅವಳು ಕರೆಯುವವನ ಕೈಯಲ್ಲಿ ಹೇಳಿ ಕಳಿಸಿದಳು. ಊರು ನೆಟ್ಟಗೆ ನಡೆಯುತ್ತಿರುವಾಗ ಅದನ್ನೆಲ್ಲ ಕೆದಕುವುದು ಯಾಕೆ ಎಂದು ಹಿರಿಯರು ಹೇಳಿ ಕಳಿಸಿದರು. ಹೂವಿನ ಮುದುಕಿ ದಿನಾ ಬಂದು ಗೋಡೆಯ ಮೇಲಿಂದ ಬಳ್ಳಿಯನ್ನು ಇಣುಕಿ ನೋಡುತ್ತಿದ್ದಳು. ಬಿಚ್ಚುವವಳ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಮುದುಕಿ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಕೊಟ್ಟ ಮಾತು ಬಿಚ್ಚುವವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು.

ತಂಗಿ ಮೊದಲು ದಿನಾ ಬಂದು ಮಗುವನ್ನು ಗೋಡೆಯ ಮೇಲೆ ಎತ್ತಿ ತೋರಿಸುತ್ತಿದ್ದಳು. ಅಷ್ಟು ದೂರದಿಂದ ಬಟ್ಟೆ ಗಂಟಿನ ಹಾಗೆ ಕಾಣುತ್ತಿತ್ತು. “ನಿನ್ನ ಮೂಗು ಅಕ್ಕಾ,” ಎಂದು ಕೂಗುತ್ತಿದ್ದಳು. ಆಮೇಲೆ ಮಗುವಿಗೆ ಹಲ್ಲು ಬಂತು, ಜ್ವರ ಬಂತು, ಮನೆಗೆಲಸ ಹೆಚ್ಚಿತು. ತಂಗಿ ಬರುವುದು ಕಡಿಮೆಯಾಯಿತು. ಬಿಚ್ಚುವವಳು ಅದಕ್ಕೆ ತಪ್ಪು ತಿಳಿಯಲಿಲ್ಲ. ನೆತ್ತಿಯ ಹೊತ್ತಿಗೆ ಸರಿಯಾಗಿ ಓಗೊಡುತ್ತಾ, ನನ್ನ ಒಂದು ಉಸಿರಿಗೆ ಆ ಮಗುವಿನ ಒಂದು ದಿನ ಎಂದುಕೊಳ್ಳುತ್ತಾ ನಿಂತಳು.

ಮತ್ತೊಂದು ಬೆಳಿಗ್ಗೆ ಹೊಸತು ಬಂತು. ಬಿಚ್ಚುವವಳ ಬೆನ್ನಿಗೆ ತಣ್ಣಗೆ ಏನೋ ತಾಗಿತು. ತಿರುಗಿ ನೋಡಿದರೆ ಗುಡ್ಡ. ಅದೇ ಬೋಳು ಗುಡ್ಡ, ಅದೇ ಕಲ್ಲುಗಳು, ಎಲ್ಲಿಗೂ ಹೋಗಿಯೇ ಇರಲಿಲ್ಲ ಅನ್ನುವ ಹಾಗೆ ನಿಂತಿತ್ತು. ಕಟ್ಟಿದಾತ ತೆಗೆದದ್ದನ್ನು ಮರಳಿ ಇಟ್ಟಿದ್ದ. ಯಾಕೆ ತೆಗೆದ, ಯಾಕೆ ಇಟ್ಟ? ಅವನನ್ನು ಕೇಳುವವರು ಯಾರು!

ಗಂಟೆ ಬಾರಿಸಿದರು. ಅಭ್ಯಾಸದ ಬಲದಿಂದ ಅವಳು “ಓ” ಎಂದಳು. ಬೆನ್ನ ಹಿಂದಿನ ಗುಡ್ಡವೂ “ಓ” ಎಂದಿತು. ಒಂದು ಕರೆಗೆ ಎರಡು ಓಗೊಡುವಿಕೆ; ಯಾವುದನ್ನು ಕೇಳಬೇಕೆಂದು ತಿಳಿಯದೆ ಊರು ಬಿತ್ತು.

ಆ ಬೆಳಿಗ್ಗೆಯೇ ತಂಗಿಯ ಮಗು ಮೊದಲ ಹೆಜ್ಜೆ ಇಟ್ಟಿತ್ತು. ಕಪ್ಪು ಕಳೆದಾಗ ಅದು ಮತ್ತೆ ಅಂಬೆಗಾಲಿನಲ್ಲಿತ್ತು. ತಂಗಿ ಚೀರಿದ ಚೀರು ಗುಡ್ಡದವರೆಗೂ ಬಂತು.

ಬಿಚ್ಚುವವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ಸಲ ಗಂಟೆ ಬಾರಿಸಿದಾಗ ಹಲ್ಲು ಕಚ್ಚಿ ಸುಮ್ಮನಿದ್ದಳು. ಗುಡ್ಡ ಒಂದೇ ಓಗೊಟ್ಟಿತು. ಊರು ನಿಂತಿತು. ಅವಳ ಪಾದ ಹಗುರವಾಯಿತು, ಎಷ್ಟೋ ಕಾಲದ ಹಸಿವು ಒಟ್ಟಿಗೇ ಬಂದು ಹೊಟ್ಟೆ ಹಿಂಡಿತು. ಇನ್ನು ಮನೆಗೆ ಹೋಗಬಹುದೆಂದು ಅವಳಿಗೆ ಆಗ ಹೊಳೆಯಿತು. ದಾರಿಯುದ್ದಕ್ಕೂ, ಮಗುವನ್ನು ಮೊದಲು ಎತ್ತಿಕೊಳ್ಳುವುದೋ ಊಟಕ್ಕೆ ಕೂರುವುದೋ ಎಂದು ತನ್ನೊಳಗೇ ಚೌಕಾಸಿ ಮಾಡಿಕೊಂಡು ನಡೆದಳು.

ಸೇರಿಕೆಯಾಗಿ ಕೂಗಿಸಿಕೊಂಡವಳು ಬೆಳಗಿನ ಕೂಗಿಲ್ಲದೆ ಒಳಗೆ ಹೋಗುವಂತಿರಲಿಲ್ಲ; ಮರುದಿನ ಬೆಳಗಾಗುವಾಗ ಅವಳು ಊರ ಬಾಗಿಲಲ್ಲಿದ್ದಳು. ಕರೆಯುವವನು ಅವಳನ್ನು ಕಂಡು ಸುಣ್ಣದ ಬಟ್ಟಲು ಕೆಳಗಿಟ್ಟ.

“ಕೂಗಪ್ಪ, ಒಳಗೆ ಬರ್ತೀನಿ.”

“ಏನಂತ ಕೂಗಲಿ ತಾಯಿ? ಗುಡ್ಡ ಅಂತಲೇ ಕೂಗಿ ಕೂಗಿ ನಿನ್ನ ಹೆಸರು ಬಾಯಿಗೇ ಬರ್ತಿಲ್ಲ. ಈಗ ಗುಡ್ಡ ಅಂದರೆ ಅದು ಬೇರೆ ಇದೆ.” ಅವನು ಒಳಗೆ ನೋಡಿದ. “ಹಿರಿಯರ ಅಪ್ಪಣೆ ಆಗಿದೆ. ಊರು ನಿಂತಿದೆ, ಇನ್ನು ಹೊಸದಾಗಿ ಏನನ್ನೂ ಸೇರಿಸೋದು ಬೇಡ ಅಂದಿದ್ದಾರೆ.”

“ನಾನು ಹೊಸದಾ?”

ಕರೆಯುವವನು ಸುಣ್ಣದ ಬಟ್ಟಲು ಮತ್ತೆ ಕೈಗೆತ್ತಿಕೊಂಡ. ಅವನ ಹಿಂದೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂಗಿ ಬಂದು ನಿಂತಿದ್ದಳು. ಬಿಚ್ಚುವವಳು ಮಗುವನ್ನೇ ನೋಡಿದಳು. ಮೂಗು ಅವಳದ್ದೇ. ಮಗು ಅವಳನ್ನು ಕಂಡು ತಾಯಿಯ ಕತ್ತಿಗೆ ಮುಖ ಹುದುಗಿಸಿಕೊಂಡಿತು.

“ಹೇಳೇ ಇವನಿಗೆ,” ಎಂದಳು ಬಿಚ್ಚುವವಳು. “ನನ್ನ ಹೆಸರು ಹೇಳು. ಕೂಗಲಿ.”

ತಂಗಿಯ ಕಣ್ಣಲ್ಲಿ ನೀರಿತ್ತು. ಕಾಲು ಮುಂದೆ ಬರಲಿಲ್ಲ. “ಅಕ್ಕಾ, ನಿನ್ನ ಒಳಗೆ ಕರೆದರೆ ಊರು ಬೀಳಲ್ಲ ಅಂತ ಹೇಳು. ನಿನ್ನ ಬಾಯಲ್ಲಿ ಒಂದು ಸಲ ಹೇಳು, ಸಾಕು. ನೀನು ಹೇಳಿದರೆ ನಾನು ನಂಬ್ತೀನಿ.”

ಬಿಚ್ಚುವವಳು ಬಾಯಿ ತೆರೆದಳು. ಬೀಳುವುದಿಲ್ಲ ಅನ್ನುವುದು ಎಷ್ಟು ಹೊತ್ತಿನ ಕೆಲಸ? ಆದರೆ ಗುಡ್ಡವಾಗಿ ಅಷ್ಟು ಕಾಲ ನಿಂತವಳೊಬ್ಬಳು ಮತ್ತೆ ಹೆಂಗಸಾಗಿ ಊರೊಳಗೆ ಬಂದರೆ ಏನಾಗುತ್ತದೆಂದು ಯಾರು ನೋಡಿದ್ದಾರೆ? ಗಂಟೆ ಕರೆದಾಗ ಅವಳ ಎದೆ ಸುಮ್ಮನಿರುತ್ತದೋ ಇಲ್ಲವೋ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಆ ಮಗುವಿನ ಮುಂದೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

“ಗೊತ್ತಿಲ್ಲ,” ಎಂದಳು. “ಒಳಗೆ ಬಿಟ್ಟು ನೋಡಬೇಕು. ಬಿದ್ದರೆ ನಾಳೆ ನಾನೇ ಹೊರಗೆ ಹೋಗ್ತೀನಿ. ಇದೊಂದೇ ಸಲ ಕಣೇ.”

ಆ ಮಾತು ಬಾಯಿಂದ ಬಿದ್ದದ್ದೇ ತಂಗಿಯ ಮುಖ ಬೆಳ್ಳಗಾಯಿತು. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಳು, ಈಗಲೂ ಅಲ್ಲಿ ನೋವಿದೆ ಅನ್ನುವ ಹಾಗೆ.

“ಇದೊಂದೇ ಸಲ ಅಂತ ನೀನು ಎಷ್ಟು ಸಲ ಹೇಳಿದ್ದೆ ಅಕ್ಕ,” ಎಂದಳು. “ಪ್ರತಿ ಸಲ ನಾನು ನಂಬಿದೆ. ಪ್ರತಿ ಸಲ ನಾನೊಬ್ಬಳೇ ನೋವು ತಿಂದೆ. ಇವನು ನಿನ್ನೆ ಎದ್ದು ನಿಂತ, ಊರು ಬಿದ್ದು ಅಂಬೆಗಾಲಿಗೆ ಬಂದ, ಮತ್ತೆ ನಿಂತಿದ್ದಾನೆ. ಇನ್ನು ನನ್ನಿಂದ ಆಗಲ್ಲ.”

“ನಿನಗೋಸ್ಕರ ನಿಂತಿದ್ದೆ ನಾನು.”

“ಗೊತ್ತು. ಸಾಯೋವರೆಗೂ ಮರೆಯಲ್ಲ,” ಎಂದಳು ತಂಗಿ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಕರೆಯುವವನ ಕಡೆ ತಿರುಗಿ, “ಗೆರೆ ಎಳಿಯಪ್ಪ,” ಎಂದಳು.

ಕರೆಯುವವನು ಗೆರೆ ಎಳೆದ. ಬಾಗಿಲು ಹಾಕಿಕೊಂಡಿತು.

ಬಿಚ್ಚುವವಳು ಗೋಡೆಯ ಬುಡದಲ್ಲಿ, ಒಣಗಿದ ಬಳ್ಳಿ, ಮೂಕ ಕಲ್ಲು, ನಿಂತ ಚಕ್ರಗಳ ರಾಶಿಯ ಪಕ್ಕದಲ್ಲಿ ಕೂತಳು. ಅವಳಿಗೆ ತಂಗಿಯ ಮೇಲೆ ಸಿಟ್ಟು ಬಂತು. ಶಾಪ ಹಾಕಬೇಕೆನ್ನುವಷ್ಟು ಸಿಟ್ಟು. ಒಳಗಿನಿಂದ ಹಿರಿಯರ ಮಾತು ತೇಲಿ ಬಂತು. ನೋಡಿದಿರಾ, ಗಂಟೆಯಲ್ಲಿ ಎಂದೂ ದೋಷವಿರಲಿಲ್ಲ, ಆ ಹೆಂಗಸು ಸುಮ್ಮನೆ ಊರಿನ ಸೇರಿಕೆಗಳನ್ನೆಲ್ಲ ಹಾಳುಮಾಡಿದಳು ಎನ್ನುತ್ತಿದ್ದರು. ಹೌದು ಹೌದು ಎಂದು ಊರಿನವರು ಊಟದ ಎಲೆ ಹಾಕಿಕೊಂಡು ಕೂತರು.

ಸೂರ್ಯ ನೆತ್ತಿಗೆ ಬಂದ. ಗಂಟೆ ಕರೆಯಿತು. ಅವಳ ಉಸಿರು ತಾನಾಗಿ ತುಂಬಿಕೊಂಡು ಗಂಟಲಿಗೆ ಬಂತು. ಒಂದೇ ಒಂದು ಓ. ಅಷ್ಟು ಸಾಕು. ಎತ್ತಿದ ತುತ್ತು ಎತ್ತಿದಲ್ಲೇ ನಿಲ್ಲುತ್ತದೆ, ಹಿರಿಯರ ನಗು ನಕ್ಕಲ್ಲೇ ನಿಲ್ಲುತ್ತದೆ, 'ಗೆರೆ ಎಳಿಯಪ್ಪ' ಅಂದ ಬಾಯಿ ಮತ್ತೆ ಬೆಳಗಿಗೆ ಬಂದು ಬೀಳುತ್ತದೆ. ಇಂದು, ನಾಳೆ, ಅವಳಿಗೆ ಸಾಕೆನ್ನಿಸುವವರೆಗೆ.

ಊರೊಳಗೆ ಮಗುವೊಂದು ತಪ್ಪು ಹೆಜ್ಜೆಯಿಡುತ್ತಾ ಕೇಕೆ ಹಾಕಿತು.

ಬಿಚ್ಚುವವಳು ಸೆರಗಿನ ತುದಿಯನ್ನು ಮುದ್ದೆಮಾಡಿ ಬಾಯಿಗೆ ತುರುಕಿಕೊಂಡು, ಎರಡೂ ಕೈಗಳಿಂದ ಒತ್ತಿ ಹಿಡಿದಳು. ಗುಡ್ಡ ಓಗೊಟ್ಟಿತು, ಊರು ಉಂಡಿತು. ಅವಳು ಕೈ ತೆಗೆಯಲಿಲ್ಲ. ನಾಳೆಯೂ ಗಂಟೆ ಕರೆಯುತ್ತದೆ.